ಅಮ್ಮನ ಮಂಚ

ಹೋದ ವರ್ಷ ಮಾವು ಹೂ ಬಿಡುವ ಹೊತ್ತಿಗೆ ಅಮ್ಮ ಒಂದು ಬೆಳಗ್ಗೆ ಚಾಪೆಯಿಂದ ಏಳಲಾರದೆ ಹೋದಳು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಎರಡು ಮೊಣಕಾಲೂ ಒಟ್ಟಿಗೇ ಮುಷ್ಕರ ಹೂಡಿದ್ದವು. ಗೋಡೆ ಹಿಡಿದು, ಸೊಸೆಯ ಹೆಗಲು ಹಿಡಿದು ಎದ್ದು ನಿಲ್ಲುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿತ್ತು. ಕೋಲಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸರೆ ತೆಗೆಸಿ ನೋಡಿ, ಕೀಲು ಸವೆದಿದೆ ಅಂದರು. ಗುಳಿಗೆ ಬರೆದುಕೊಟ್ಟು, "ಇನ್ನು ಮೇಲೆ ನೆಲದ ಮೇಲೆ ಮಲಗಿಸಬೇಡಿ, ನೆಲದ ಮೇಲೆ ಕೂರಿಸಬೇಡಿ. ಒಂದು ಮಂಚ ಮಾಡಿಸಿ" ಅಂದರು.

ಬಸ್ಸಿನಲ್ಲಿ ಅಮ್ಮ ಕೇಳಿದಳು, "ಏನಂದ್ರು?"

"ಮಂಚದ ಮೇಲೆ ಮಲಗಬೇಕಂತೆ."

ಅಮ್ಮ ಕಿಟಕಿ ಕಡೆ ತಿರುಗಿಕೊಂಡಳು. ಮುಳಬಾಗಿಲು ಬರುವವರೆಗೂ ಮಾತಿಲ್ಲ. ಇಳಿಯುವಾಗ, "ಎಂಬತ್ತು ವರ್ಷ ನೆಲಾನೇ ಹೊತ್ಕೊಂಡಿತ್ತಲ್ಲಪ್ಪ ನನ್ನ" ಅಂದಳು.

ನಮ್ಮೂರು ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಇದೆ. ನಮ್ಮ ಕಡೆ ತೆಲುಗು ಕನ್ನಡ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಆ ಭಾಷೆಗಳನ್ನಾಡುವ ಊರು ಕೇರಿಗಳು ಉಣ್ಣುವುದಿಲ್ಲ, ಅದು ಬೇರೆ ಮಾತು. ಗೆಳೆಯರು, ಕಬ್ಬಿಣದ ಮಂಚ ಸಿಗುತ್ತೆ, ಸಾಯಂಕಾಲದೊಳಗೆ ಮನೆಗೆ ತಂದು ಹಾಕಿಕೊಡ್ತಾರೆ, ಯಾಕೆ ತಲೆ ಕೆಡಿಸ್ಕೊಳ್ತೀಯಾ ಅಂದರು. ಸರಿಯಾದ ಮಾತೇ. ಆದರೆ ಈ ಮಂಚ ನಾನೇ ಮಾಡಬೇಕು ಅನ್ನಿಸಿತು. ಯಾಕೆ ಅನ್ನುವುದನ್ನು ಹೇಳಬೇಕಾದರೆ ನನ್ನ ಕೆನ್ನೆಗೆ ಬಿದ್ದ ಒಂದು ಏಟಿನಿಂದ ಶುರು ಮಾಡಬೇಕು.

ನನಗಾಗ ಎಂಟು ವರ್ಷ. 1972ನೇ ಇಸವಿ ಇರಬೇಕು. ಪಟೇಲಿಕೆ ಕಾನೂನಿನಲ್ಲಿ ಹೋಗಿ ಹತ್ತು ವರ್ಷವಾಗುತ್ತ ಬಂದಿದ್ದರೂ ಊರಿನಲ್ಲಿ ಆ ಮನೆ ಪಟೇಲರ ಮನೆಯೇ. ಅಪ್ಪ ಆ ಮನೆಯ ಜೀತದಾಳು. ಉಳುವುದು, ಸಗಣಿ ಎತ್ತುವುದು, ರಾತ್ರಿ ಕಣ ಕಾಯುವುದು. ಇವೆಲ್ಲದರ ಜೊತೆಗೆ ಅಪ್ಪನಿಗೆ ಒಂದು ಕೈಕಸುಬಿತ್ತು. ಮಂಚ ಹೆಣೆಯುವುದು.

ಹಗ್ಗವೂ ಅಪ್ಪನದೇ. ಬೇಲಿ ಸಾಲಿನ ಕತ್ತಾಳೆ ಪಟ್ಟೆ ಕೊಯ್ದು, ಕಟ್ಟು ಕಟ್ಟಿ, ಕೆರೆಯ ಮೂಲೆಯ ಗುಂಡಿಯಲ್ಲಿ ಕಲ್ಲು ಹೇರಿ ಮುಳುಗಿಸುತ್ತಿದ್ದ. ಎರಡು ಮೂರು ವಾರ ಅದು ಕೊಳೆಯಬೇಕು. ಆ ನಾತಕ್ಕೆ ಊರಿನವರು ಮೂಗು ಮುಚ್ಚಿಕೊಂಡು ಏರಿ ಮೇಲೆ ಹೋಗುತ್ತಿದ್ದರು. ಕೊಳೆತದ್ದನ್ನು ಅಮ್ಮ ಬಂಡೆಗೆ ಬಡಿದು, ತೊಳೆದು, ನಾರು ಬಿಡಿಸಿ, ಬಿಸಿಲಿಗೆ ಹರವುತ್ತಿದ್ದಳು. ಕತ್ತಾಳೆ ರಸ ತಾಗಿದರೆ ಕೈಯೆಲ್ಲ ನವೆ. ಅಮ್ಮನ ಮುಂಗೈ ಮೇಲೆ ಆ ನವೆಯ ಕಲೆ ಇವತ್ತಿಗೂ ಇದೆ. ಆಮೇಲೆ ಅಪ್ಪ ತೊಡೆಯ ಮೇಲೆ ನಾರು ಹೊಸೆದು ಹುರಿ ಮಾಡುತ್ತಿದ್ದ. ಅಷ್ಟೊತ್ತಿಗೆ ಅದು ಬೆಳ್ಳಿ ಹಾಗೆ ಬೆಳ್ಳಗಾಗಿ, ನಾತವೆಲ್ಲ ಹೋಗಿ, ಊರಿಗೆ ಬೇಕಾದ ವಸ್ತುವಾಗಿರುತ್ತಿತ್ತು.

ಪಟೇಲರ ಅಂಗಳದಲ್ಲಿ ಮಂಚದ ಚೌಕಟ್ಟನ್ನು ಓರೆಯಾಗಿ ನಿಲ್ಲಿಸಿಕೊಂಡು ಅಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಹೆಣೆಯುತ್ತಿದ್ದ. ಕಾಲ ಕಡೆ ಒಂದು ಮೊಳ ಬಿಟ್ಟು ಅಡ್ಡಲಾಗಿ ದಪ್ಪ ಹಗ್ಗ. ಅದಕ್ಕೂ ಕೊನೆಯ ಮರಕ್ಕೂ ನಡುವೆ ಬಿಗಿಹಗ್ಗ. ಹೆಣಿಗೆ ಜೋತು ಬಿದ್ದಾಗ ಆ ಬಿಗಿಹಗ್ಗ ಎಳೆದರೆ ಸಾಕು, ಮತ್ತೆ ತಮಟೆ ಹಾಗೆ ಬಿಗಿ. ನಾನು ಹುರಿಯ ಉಂಡೆ ಹಿಡಿದು ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿದ್ದೆ. ಹೆಣೆಯುವಷ್ಟು ಹೊತ್ತೂ ಅಪ್ಪನ ಕೈ, ನನ್ನ ಕೈ ಆ ಮಂಚದ ಮೇಲೆಲ್ಲ ಓಡಾಡುತ್ತಿದ್ದವು. ಆಗ ಮೈಲಿಗೆಯಿಲ್ಲ.

ಹೆಣಿಗೆ ಮುಗಿದು ಅಪ್ಪ ಮಂಚವನ್ನು ನಾಲ್ಕು ಕಾಲ ಮೇಲೆ ನಿಲ್ಲಿಸಿದ. ಹೊಸ ಹಗ್ಗ, ಬಿಗಿಯಾಗಿತ್ತು. ನಾನು ಹತ್ತಿ ಕೂತೇಬಿಟ್ಟೆ. ಒಂದು ಸಲ ಕುಣಿದೆ ಕೂಡ. ಜಗಲಿಯ ಮೇಲಿದ್ದ ಪಟೇಲರು ಬಾಯಿ ತೆರೆಯುವುದಕ್ಕೆ ಮುಂಚೆ ಅಪ್ಪನ ಕೈ ನನ್ನ ಕೆನ್ನೆ ಮೇಲಿತ್ತು. ಕೆಳಕ್ಕೆ ಉರುಳಿದೆ. ಅಪ್ಪ ಅದಕ್ಕೆ ಮುಂಚೆ ನನ್ನನ್ನು ಹೊಡೆದಿರಲಿಲ್ಲ, ಆಮೇಲೂ ಹೊಡೆಯಲಿಲ್ಲ. ಪಟೇಲರು ನಕ್ಕು, "ಹೋಗ್ಲಿ ಬಿಡೋ, ಹುಡ್ಗ" ಅಂದರು. ಒಳಗಿನಿಂದ ಹೆಂಗಸರು ಚೊಂಬಿನಲ್ಲಿ ನೀರು ತಂದು ಮಂಚದ ಮೇಲೆ ಚಿಮುಕಿಸಿದರು. ಅಪ್ಪನಿಗೆ ಎರಡು ಸೇರು ರಾಗಿ ಹಾಕಿದರು.

ತಾನು ಹೊಡೆಯದಿದ್ದರೆ ಅವರು ಹೊಡೆಯುತ್ತಿದ್ದರು, ತನ್ನ ಕೈಯಾದರೆ ಹಗುರ ಎಂದು ಅಪ್ಪ ಲೆಕ್ಕ ಹಾಕಿದ್ದ. ಇದು ನನಗೆ ಅರ್ಥವಾಗಲು ಹತ್ತು ವರ್ಷ ಬೇಕಾಯಿತು. ಕಾಲೇಜಿಗೆ ಬಂದಮೇಲೆ ದಲಿತ ಸಂಘರ್ಷ ಸಮಿತಿಯ ಶಿಬಿರಗಳಿಗೆ ಹೋಗತೊಡಗಿದೆ. ಒಂದು ಶಿಬಿರದಲ್ಲಿ ಹಿರಿಯ ಗೆಳೆಯರೊಬ್ಬರು ಮನುಸ್ಮೃತಿಯ 8ನೇ ಅಧ್ಯಾಯದ 281ನೇ ಶ್ಲೋಕದ ಅರ್ಥ ಬಿಡಿಸಿ ಹೇಳಿದರು. ಕೀಳು ಹುಟ್ಟಿನವನು ಮೇಲಿನವನ ಆಸನದಲ್ಲಿ ಸರಿಸಮನಾಗಿ ಕೂರಲು ಹೋದರೆ ಅವನ ಸೊಂಟಕ್ಕೆ ಬರೆ ಹಾಕಿ ನಾಡಿನಿಂದ ಓಡಿಸಬೇಕು, ಇಲ್ಲವೇ ಕುಂಡೆ ಕೊಯ್ಯಿಸಬೇಕು. ಹುಡುಗರೆಲ್ಲ ನಕ್ಕರು, ಕುಂಡೆ ಅನ್ನುವ ಮಾತಿಗೆ. ನನಗೆ ಕೆನ್ನೆ ಚುರ್ ಅಂದಿತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟ ಪುಸ್ತಕ ಅದು. ನನ್ನ ಅಪ್ಪ ಓದು ಬಾರದವನು. ಆದರೂ ಆ ಶ್ಲೋಕ ಅಪ್ಪನ ಕೈಗೆ ಗೊತ್ತಿತ್ತು.

ಗೆಳೆಯರು ಕೇಳಬಹುದು, ಪಟೇಲರ ಮಂಚ ಬೇಡ, ನಿಮ್ಮ ಮನೆಯಲ್ಲೇ ಒಂದು ಮಾಡಿಕೊಳ್ಳಬಹುದಿತ್ತಲ್ಲ, ಹಗ್ಗ ನಿಮ್ಮದೇ, ಹೆಣಿಗೆ ನಿಮ್ಮದೇ ಎಂದು. ಹಗ್ಗ ನಮ್ಮದು. ಮರ ನಮ್ಮದಲ್ಲ. ಮರ ಕೆತ್ತುವ ಕೈಯೂ ನಮ್ಮದಲ್ಲ. ಆಚಾರಿಗೂ ಊರಿಗೂ ಇದ್ದ ಸಂಬಂಧ ಆಯದ ಸಂಬಂಧ. ಹೊಲ ಇದ್ದವನ ನೇಗಿಲು, ಕುಂಟೆ, ಗಾಡಿ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ರಾಗಿ ತರುವುದು. ಹೊಲವೇ ಇಲ್ಲದವನಿಗೆ ಕಣವಿಲ್ಲ, ಕಣವಿಲ್ಲದವನಿಗೆ ಆಯವಿಲ್ಲ, ಆಯವಿಲ್ಲದವನಿಗೆ ಆಚಾರಿಯೂ ಇಲ್ಲ. ನಮ್ಮ ಗುಡಿಸಲಿಗೆ ಬಾಗಿಲು ಅಂತ ಇದ್ದದ್ದು ತಡಿಕೆ. ಆಚಾರಿಯೇನೂ ಕೆಟ್ಟವನಲ್ಲ. "ನಿಮ್ ಕೇರಿಗೆ ಬಂದು ಉಳಿ ಇಟ್ರೆ ಊರವ್ರು ನನ್ ಆಯ ನಿಲ್ಲಿಸ್ತಾರೆ ಕಣೋ" ಎಂದು ಅಪ್ಪನ ಹತ್ತಿರ ಒಮ್ಮೆ ಬಾಯಿಬಿಟ್ಟು ಹೇಳಿದ್ದನಂತೆ.

1975ರ ಅಕ್ಟೋಬರಿನಲ್ಲಿ ಜೀತ ರದ್ದಾಯಿತೆಂದು ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಅಪ್ಪ ಜೀತ ಬಿಟ್ಟು ಕೂಲಿಗೆ ನಿಂತ. ಆ ಕೂಲಿಯೂ ಬಹಳ ದಿನ ಉಳಿಯಲಿಲ್ಲ. ನೀಲಗಿರಿ ಬಂತು.

ಈ ನೀಲಗಿರಿಯ ವಿಷಯ ಕೋಲಾರದ ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಮ್ಮ ಜಿಲ್ಲೆಯ ಹೊಲಗಳಿಗೆ ಈ ಮರ ನುಗ್ಗಿತು. ಸಾಮಾಜಿಕ ಅರಣ್ಯ ಎಂದು ಹೆಸರು, ವಿಶ್ವಬ್ಯಾಂಕಿನ ದುಡ್ಡು, ನರ್ಸರಿಗಳಲ್ಲಿ ಸಸಿ. ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲಗಳಲ್ಲಿ ಸಾಲು ಸಾಲು ನೀಲಗಿರಿ. ಮರ ಹರಿಹರದ ರೇಯಾನ್ ಕಾರ್ಖಾನೆಗೆ, ಗಳ ಬೆಂಗಳೂರಿನ ಕಟ್ಟಡಗಳಿಗೆ. ಹೊಲದ ಯಜಮಾನ ಪಟ್ಟಣದಲ್ಲಿ ಕೂತು ದುಡ್ಡು ಎಣಿಸಬಹುದು. ನೀಲಗಿರಿಗೆ ಕಳೆ ಕೀಳುವವರು ಬೇಡ, ಕುಯ್ಯುವವರು ಬೇಡ, ಬಡಿಯುವವರು ಬೇಡ. ಅಂದರೆ ನಮ್ಮ ಅಮ್ಮಂದಿರು ಬೇಡ. ಅದರ ಸೊಪ್ಪು ಮೇಕೆಯೂ ಮುಟ್ಟುವುದಿಲ್ಲ. ನೀಲಗಿರಿ ನೀರು ಕುಡಿಯುತ್ತೆ ಅಂತ ಎಲ್ಲರೂ ಮಾತಾಡಿದರು, ಸರ್ಕಾರವೂ ಕೊನೆಗೆ 2017ರಲ್ಲಿ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅದು ಕೂಲಿ ಕುಡಿದದ್ದರ ಬಗ್ಗೆ ಅಷ್ಟು ಮಾತು ಕೇಳಿಬರಲಿಲ್ಲ.

1986ರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತು. ಅದೇ ಬೇಸಿಗೆಯಲ್ಲಿ ಅಪ್ಪ ಒಂದು ತೋಪಿನ ನೀಲಗಿರಿ ಕಡಿಯಲು ಹೋಗಿದ್ದ. ಕೂಲಿಯಲ್ಲಿ ಸ್ವಲ್ಪ ಹಿಡಿದುಕೊಂಡು ಅದರ ಬದಲು ಏಳು ಗಳ ಕೊಟ್ಟಿದ್ದರು. ನನಗೆ ಹುಮ್ಮಸ್ಸು. ಮೊದಲ ಸಂಬಳದಲ್ಲಿ ಗರಗಸ, ಸುತ್ತಿಗೆ, ಎರಡು ಸೇರು ಮೊಳೆ ತಂದು, ಅಪ್ಪನಿಗೆ ಮಂಚ ಮಾಡುತ್ತೇನೆ ಎಂದು ಕೂತೆ. ಕಡಿದು ವಾರವಾಗದ ಹಸಿ ಮರ. ಹಸಿಯಾಗಿದ್ದಾಗ ಮೊಳೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಎರಡು ದಿನದಲ್ಲಿ ಮಂಚ ಎದ್ದು ನಿಂತಿತು. ಕೇರಿಯೆಲ್ಲ ಬಂದು ನೋಡಿತು.

ಹದಿನೈದು ದಿನಕ್ಕೆ ಅದು ಮಾತಾಡಲು ಶುರು ಮಾಡಿತು. ರಾತ್ರಿ ಹೊತ್ತು ಚಟ್ ಚಟ್ ಅಂತ ಸದ್ದು. ನೀಲಗಿರಿ ಒಣಗುವಾಗ ಸಿಕ್ಕಾಪಟ್ಟೆ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ, ತುದಿಯಿಂದ ಸೀಳು ಬಿಡುತ್ತದೆ. ನಾನು ಮೊಳೆ ಹೊಡೆದದ್ದೆಲ್ಲ ತುದಿಗೇ. ಒಂದು ತಿಂಗಳಿಗೆ ನಾಲ್ಕು ಮೂಲೆಯೂ ಬಾಯಿಬಿಟ್ಟು, ಒಂದು ಕಾಲು ಗಾಳಿಯಲ್ಲಿ ನಿಂತಿತ್ತು. ಮರವನ್ನು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು, ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿಯಬೇಕು, ಮೊಳೆಗೆ ಮುಂಚೆ ಬೈರಿಗೆಯಿಂದ ತೂತು ಕೊರೆಯಬೇಕು. ಇದನ್ನೆಲ್ಲ ನನಗೆ ಹೇಳುವವರು ಯಾರಿದ್ದರು? ಆಚಾರಿಯ ಮಗನಿಗೆ ಇದು ಆಟವಾಡುತ್ತಲೇ ಗೊತ್ತಾಗಿರುತ್ತದೆ.

ಮರದ ತಪ್ಪು ಒತ್ತಟ್ಟಿಗಿರಲಿ. ಅದು ಗಟ್ಟಿಯಾಗಿದ್ದ ಹದಿನೈದು ದಿನದಲ್ಲೂ ಅಪ್ಪ ಅದರ ಮೇಲೆ ಮಲಗಲಿಲ್ಲ. ಬಾಗಿಲು ತೆರೆದಿದ್ದರೆ ದಾರಿಗೆ ಕಾಣುತ್ತದೆ ಎಂದ. ಬಾಗಿಲು ಮುಚ್ಚಿದೆ. ಸೆಖೆ ಎಂದ. ನನಗೆ ರೇಗಿತು. ಶಿಬಿರದಲ್ಲಿ ಕಲಿತ ಮಾತನ್ನೆಲ್ಲ ಅಪ್ಪನ ಮೇಲೆ ಸುರಿದೆ. ಸ್ವಾಭಿಮಾನ, ಸಂವಿಧಾನ, ಗುಲಾಮಗಿರಿ. ಅಪ್ಪ ಬೀಡಿ ಹಚ್ಚಿ ಕೇಳಿಸಿಕೊಂಡ. "ನಿನ್ ಮಾತು ಸರಿ ಮಗ. ಅದ್ರ ಮೇಲೆ ಮಲಿಕೊಂಡ್ರೆ ನಂಗೆ ನಿದ್ದೆ ಬರಾಕಿಲ್ಲ, ಅಷ್ಟೆ" ಅಂದ. ಆ ಮಂಚದ ಮೇಲೆ ರಾಗಿ ಮೂಟೆ ಮಲಗಿತು. ಅದರಡಿಯಲ್ಲಿ ಕೋಳಿ ಕಾವು ಕೂತವು. ಆವತ್ತು ಅಪ್ಪನ ಮುಂದೆ ಆಡಿದ ಮಾತಿಗೆ ಇವತ್ತೂ ನಾಚಿಕೆಯಾಗುತ್ತದೆ. ಮಾತು ತಪ್ಪಲ್ಲ, ಆಡಿದ ಧಾಟಿ ತಪ್ಪು.

ಅಪ್ಪ ತೀರಿಕೊಂಡದ್ದು 1994ರಲ್ಲಿ, ಚಾಪೆಯ ಮೇಲೇ. ನಾನು ಶಾಲೆಯಿಂದ ಬರುವಷ್ಟರಲ್ಲಿ ಕೇರಿಯ ಗಂಡಸರು ಬಿದಿರು ತಂದು ಚಟ್ಟ ಕಟ್ಟಿ ಮುಗಿಸಿದ್ದರು. ಎರಡು ಉದ್ದ, ಏಳು ಅಡ್ಡ, ಕತ್ತಾಳೆ ಹುರಿ. ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ಅಷ್ಟು ದುಃಖದಲ್ಲೂ ನನ್ನ ಕಣ್ಣು ಆ ಗಂಟುಗಳ ಮೇಲೆ ನಿಂತಿತ್ತು. ಚಟ್ಟ ಕಟ್ಟಲು ಬಾರದ ಗಂಡಸು ನಮ್ಮ ಕೇರಿಯಲ್ಲಿ ಇರಲಿಲ್ಲ.

ಆಮೇಲೆ ನಾನು ಮಂಚದ ಯೋಚನೆ ಬಿಟ್ಟೆ. ನನಗೆ, ಹೆಂಡತಿಗೆ ಅಂಗಡಿಯ ಮಂಚ ಬಂತು. ಅಮ್ಮ ಮಾತ್ರ ಚಾಪೆ ಬಿಡಲಿಲ್ಲ, ನಾನೂ ಬಲವಂತ ಮಾಡಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಸುದ್ದಿ ಬಂದಾಗ ಒಂದು ಸಲ ನೆನಪಾಯಿತು. ಊರ ದೇವರ ಉತ್ಸವದಲ್ಲಿ ನಮ್ಮ ಜನದ ಒಬ್ಬ ಹುಡುಗ ದೇವರಿಗೆ ಸೇರಿದ ಮರದ ಕೋಲನ್ನು ಮುಟ್ಟಿದ. ಅದಕ್ಕೆ ಅವನ ಮನೆಯವರು 60,000 ರೂಪಾಯಿ ದಂಡ ಕಟ್ಟಬೇಕೆಂದು ಊರಿನವರು ಹೇಳಿದರು. ಸುದ್ದಿ ದೇಶಕ್ಕೆಲ್ಲ ಗೊತ್ತಾಯಿತು, ಕೇಸಾಯಿತು, ಸಂಘಟನೆಗಳು ಹೋದವು. ನಾನು ಪೇಪರು ಓದಿ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಆ ಹುಡ್ಗುನ್ನ ಅವ್ರಪ್ಪ ಹೊಡೆದ್ನಂತಾ?" ಆ ಏಟು ಅಮ್ಮನಿಗೂ ನೆನಪಿದೆ ಎಂದು ಗೊತ್ತಾದದ್ದು ಆವತ್ತು.

ಹಾಗಾಗಿ ಡಾಕ್ಟರು ಮಂಚ ಅಂದಾಗ ಅಂಗಡಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ನಿವೃತ್ತನಾಗಿದ್ದೆ, ಹೊತ್ತಿತ್ತು.

ಈ ಸಲ ಹಸಿ ಮರದ ಹತ್ತಿರ ಹೋಗಲಿಲ್ಲ. ಶ್ರೀನಿವಾಸಪುರ ಅಂದರೆ ಮಾವು. ಹಳೇ ತೋಟಗಳ ಮುದಿ ಮರಗಳು ಸಾಮಿಲ್ಲಿಗೆ ಬರುತ್ತವೆ. ಅಲ್ಲಿ ಎರಡು ವರ್ಷದಿಂದ ಬಿದ್ದಿದ್ದ ಮಾವಿನ ಹಲಗೆ ಸಿಕ್ಕಿತು. ಮಾವಿಗೆ ಹುಳದ ಕಾಟ. ಹಲಗೆ ತಟ್ಟಿ ನೋಡಬೇಕು, ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಬಿಟ್ಟುಬಿಡಬೇಕು. ಉದುರದವನ್ನು ಆರಿಸಿ, ಬೋರಾಕ್ಸ್ ಕದಡಿದ ನೀರು ಬಳಿದು ಒಣಗಿಸಿದೆ. ಕಾಲಿಗೆ ಮೂರು ಇಂಚು ಚೌಕದ ಬೇವು. ಉದ್ದದ ಎರಡು ಪಟ್ಟಿ ಮಾವು, ನಾಲ್ಕಿಂಚು ಅಗಲ, ಒಂದೂವರೆ ಇಂಚು ದಪ್ಪ. ತಲೆಯ ಕಡೆಗೂ ಕಾಲ ಕಡೆಗೂ ಅಡ್ಡಪಟ್ಟಿ ಬೇಕಿತ್ತು. ಹಿತ್ತಲಿನಲ್ಲಿ 1986ರ ಮಂಚದ ಎರಡು ಗಳ ಸೌದೆಯಾಗದೆ ಉಳಿದಿದ್ದವು, ಕೋಳಿ ಗೂಡಿಗೆ ಆಸರೆಯಾಗಿ. ಆರಡಿ ಗಳ, ಎರಡು ತುದಿಯೂ ಸೀಳು. ಸೀಳಿದ್ದಷ್ಟನ್ನೂ ಕೊಯ್ದು ಬಿಸಾಡಿದರೆ ಮೂರಡಿಗೆ ಚಿಲ್ಲರೆ ಮಿಕ್ಕಿತು. ನನಗೆ ಬೇಕಾದದ್ದು ಅಷ್ಟೇ. ಆ ಮರ ಈಗ ಕಲ್ಲಾಗಿತ್ತು. ಉಳಿ ಎರಡು ಸಲ ಮೊಂಡಾಯಿತು.

ಉಳಿ ಮಸೆಯಲು ಬಾರದು ನನಗೆ. ಮೂವತ್ತು ವರ್ಷ ಪಾಠ ಹೇಳಿದವನು, ನಲವತ್ತು ವರ್ಷ ಭಾಷಣ ಮಾಡಿದವನು, ಉಳಿ ಮಸೆಯಲು ಬಾರದು. ಹಳೇ ಆಚಾರಿಯ ಮೊಮ್ಮಗ ಮಾಲೂರಿನ ಕಡೆ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ನನ್ನ ಹತ್ತಿರ ಓದಿದ ಹುಡುಗ. ಭಾನುವಾರ ಬಾ ಅಂದೆ, ಬಂದ. ಮನೆಯೊಳಕ್ಕೇ ಬಂದ. ಕಲ್ಲಿನ ಮೇಲೆ ನೀರು ಹಾಕಿ ಉಳಿ ಹೇಗೆ ಓರೆ ಹಿಡಿಯಬೇಕು, ಎಲ್ಲಿ ಒತ್ತಬೇಕು ತೋರಿಸಿದ. ಪಟ್ಟಿಯ ತುದಿಯನ್ನು ಮೂರು ಪಾಲು ಮಾಡಿ ನಡುವಿನ ಪಾಲನ್ನು ನಾಲಗೆಯ ಹಾಗೆ ಉಳಿಸಿ, ಕಾಲಿನ ತೂತಿಗೆ ಹೊಗಿಸಿ, ಬೆಣೆ ಬಡಿಯುವುದು. ಉದ್ದದ ಪಟ್ಟಿಯ ತೂತೂ ಅಡ್ಡಪಟ್ಟಿಯ ತೂತೂ ಒಂದೇ ಮಟ್ಟದಲ್ಲಿ ಬಂದರೆ ಕಾಲು ಒಳಗೇ ಟೊಳ್ಳಾಗುತ್ತದೆ, ಒಂದನ್ನು ಸ್ವಲ್ಪ ಮೇಲೆ ಇನ್ನೊಂದನ್ನು ಸ್ವಲ್ಪ ಕೆಳಗೆ ಮಾಡಿ ಸಾರ್ ಅಂದ. "ಅಡ್ಡಪಟ್ಟಿಗೆ ಬೆಣೆ ಸಾಕು, ಉದ್ದಕ್ಕೆ ಬೋಲ್ಟ್ ಹಾಕಿ. ಇಲ್ದಿದ್ರೆ ಮಂಚ ನಿಮ್ ಬಾಗ್ಲಲ್ಲಿ ಹೊರಕ್ಕೆ ಬರಲ್ಲ" ಅಂದ. ನನಗೆ ಹೊಳೆದೇ ಇರಲಿಲ್ಲ. ಟೀ ಕುಡಿದ, ಕಾಗದದ ಲೋಟದಲ್ಲಿ. ಮನೆಯಲ್ಲಿ ಸ್ಟೀಲ್ ಲೋಟವಿತ್ತು, ಕಾಗದದ ಲೋಟ ತಂದವಳು ನನ್ನ ಹೆಂಡತಿಯೇ. ಕೊಟ್ಟಿದ್ದರೆ ಸ್ಟೀಲ್ ಲೋಟದಲ್ಲೂ ಕುಡಿಯುತ್ತಿದ್ದನೋ ಏನೋ. ಈ ಕಾಗದದ ಲೋಟ ಬಂದಮೇಲೆ ಇಂಥ ಪ್ರಶ್ನೆಗೆ ಉತ್ತರ ಸಿಗುವುದೇ ಕಷ್ಟವಾಗಿದೆ.

ಎತ್ತರಕ್ಕೆ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ಹಿಮ್ಮಡಿಯಿಂದ ಮೊಣಕಾಲ ಮಡಿಕೆಯವರೆಗೆ ದಾರ ಹಿಡಿದೆ. ಹದಿನಾರು ಇಂಚು. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ಆಗಲೇ ಏಳುವುದು ಸಲೀಸು. ಅದೇ ದಾರದಿಂದ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದೆ. ಎರಡೂ ಅಳತೆ ಸಮ ಬರುವವರೆಗೆ ಕೊಡತಿಯಲ್ಲಿ ತಟ್ಟುತ್ತ ಹೋದೆ. ಒಳಗಡೆ ರೀಪು ಹೊಡೆದು, ಅದರ ಮೇಲೆ ಮೂರಿಂಚಿನ ಹದಿನಾರು ಹಲಗೆ, ನಡುನಡುವೆ ಒಂದೂವರೆ ಇಂಚು ಸಂದು, ಹಾಸಿಗೆಗೆ ಗಾಳಿಯಾಡಲಿ ಅಂತ. "ನಿಮ್ಮಪ್ಪ ಇದ್ದಿದ್ರೆ ಹಗ್ಗ ಹೆಣೀತಿದ್ದ" ಅಂದಳು ಅಮ್ಮ. ಹಗ್ಗದ ಮಂಚ ಗುಳಿ ಬೀಳುತ್ತದೆ, ಗುಳಿಯಿಂದ ಏಳುವುದು ಮೊಣಕಾಲಿಗೆ ಕಷ್ಟ ಎಂದು ಸಮಾಧಾನ ಹೇಳಿದೆ. ನನಗೆ ಹೆಣೆಯಲು ಬಾರದು ಅನ್ನುವುದು ನಿಜವಾದ ಕಾರಣ. ಉಂಡೆ ದಾಟಿಸುತ್ತಿದ್ದವನು ಹೆಣಿಗೆ ಕಲಿಯಲಿಲ್ಲ, ಓದಲು ಹೋದೆ.

ಖರ್ಚು 4,200 ರೂಪಾಯಿ. ಉಳ್ಳೇರಹಳ್ಳಿಯಲ್ಲಿ ಹೇಳಿದ ದಂಡದ ದುಡ್ಡಿಗೆ ಇಂಥವು ಹದಿನಾಲ್ಕು ಆಗುತ್ತವೆ.

ಜೋಡಿಸಿ, ಹತ್ತಿ ಹಾಸಿಗೆ ಹಾಸಿ, ಅಮ್ಮನನ್ನು ಕೂರಿಸಿದೆ. ಎರಡು ಕಾಲೂ ಗಾಳಿಯಲ್ಲಿ ತೂಗಾಡಿದವು. ಹಾಸಿಗೆಯ ದಪ್ಪ ಮೂರಿಂಚು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕವು. ಮಂಚ ಬುಡಮೇಲು ಮಾಡಿ ನಾಲ್ಕು ಕಾಲಿನಲ್ಲೂ ಮೂರು ಮೂರು ಇಂಚು ಕೊಯ್ದೆ. ಕೊಯ್ದ ತುಂಡುಗಳನ್ನು ಮಕ್ಕಳು ಆಟಕ್ಕೆ ಎತ್ತಿಕೊಂಡು ಹೋದರು. ಮತ್ತೆ ನಿಲ್ಲಿಸಿದಾಗ ಒಂದು ಕಾಲು ಅಲ್ಲಾಡುತ್ತಿತ್ತು. ನಾನು ಮತ್ತೆ ಗರಗಸಕ್ಕೆ ಕೈ ಹಾಕಿದೆ. ಅಮ್ಮ ತಡೆದಳು. "ನೆಲಾನೇ ಓರೆ ಅದೆ ಬಿಡಪ್ಪ, ಮಂಚದ್ದೇನು ತಪ್ಪು. ನಾನೇ ಸಾರಿಸಿದ್ದಲ್ವಾ, ನಂಗೊತ್ತು." ಮಂಚವನ್ನು ಒಂದು ಗೇಣು ಬಾಗಿಲ ಕಡೆ ಎಳೆದೆ, ಸರಿಯಾಗಿ ಕೂತಿತು. ಬಾಗಿಲ ಕಡೆ, ಅಂದರೆ ದಾರಿಗೆ ಕಾಣುವ ಹಾಗೆ. ಅಮ್ಮ ಏನೂ ಅನ್ನಲಿಲ್ಲ.

ಅಂದು ರಾತ್ರಿ ಮಂಚದ ಮೇಲೆ ಮಲಗಿದ್ದವಳು ಬೆಳಗಿನ ಜಾವ ನೋಡಿದರೆ ಚಾಪೆ ಮೇಲಿದ್ದಳು. ಹೇಗೆ ಇಳಿದಳೋ. ಎರಡನೇ ರಾತ್ರಿಯೂ ಹಾಗೇ. ನಾನು ಬಾಯಿ ಬಿಡಲಿಲ್ಲ. 1986 ನೆನಪಿತ್ತು. ಐದನೇ ದಿನ ಹೊದಿಕೆ ಮಂಚದ ಮೇಲೇ ಉಳಿಯಿತು, ಅಮ್ಮನೂ ಉಳಿದಳು.

ತಿಂಗಳಾದ ಮೇಲೆ ಪಂಚಾಯ್ತಿಯ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಪಟೇಲರ ಮಗ ಬಂದರು. ಅವರಿಗೂ ಎಪ್ಪತ್ತು ದಾಟಿದೆ, ಕೋಲು ಹಿಡಿದಿದ್ದಾರೆ, ಅವರದೂ ಮೊಣಕಾಲೇ. ಬಾಗಿಲಲ್ಲಿ ನಿಂತು ಕೆಮ್ಮಿದರು. ಮಂಚದ ಮೇಲೆ ಮಲಗಿದ್ದ ಅಮ್ಮ ಎದ್ದು ಕೂತಳು. ಕಾಲು ಕೆಳಗಿಟ್ಟಳು. ಪಾದ ಪೂರ್ತಿ ನೆಲಕ್ಕೆ ಊರಿತು. ಈಗ ಎದ್ದು ನಿಲ್ಲುತ್ತಾಳೆ ಎಂದು ನಾನು ಉಸಿರು ಹಿಡಿದಿದ್ದೆ. ಅಮ್ಮ ಅಲ್ಲೇ ಕೂತು, ಸೆರಗು ಸರಿ ಮಾಡಿಕೊಂಡು, "ಮಂಡಿ ನೋವು ಗೌಡ್ರೇ, ಏಳಕ್ಕಾಗಲ್ಲ" ಅಂದಳು.

ಬೆಳಗ್ಗೆ ಅಷ್ಟೇ ಅವಳು ಯಾರ ಕೈಯೂ ಹಿಡಿಯದೆ ಎದ್ದು ಹಿತ್ತಲಿಗೆ ಹೋಗಿಬಂದಿದ್ದಳು.

ಅವರು ಮಂಚವನ್ನೇ ನೋಡುತ್ತಿದ್ದರು. "ಎಲ್ಲಿ ತಗೊಂಡ್ರಿ, ಎಷ್ಟು ಬಿತ್ತು?" ಎಂದು ನನ್ನನ್ನು ಕೇಳಿದರು. ನಾನೇ ಮಾಡಿದ್ದು ಅಂದೆ. "ಎತ್ತರ ಚೆನ್ನಾಗದೆ" ಅಂದರು. ನಾನು ಕುರ್ಚಿ ಎಳೆದೆ. ಬೇಡ, ಹೊತ್ತಾಯ್ತು ಎಂದು ನಿಂತೇ ಸಹಿ ಹಾಕಿಸಿಕೊಂಡು ಹೋದರು.

ಅವರು ಹೋದ ಮೇಲೆ ಅಮ್ಮ ಮತ್ತೆ ಒರಗಿಕೊಂಡಳು. ನಾಲ್ಕನೇ ಹಲಗೆ ಕಿರ್ ಅಂತದೆ, ನೋಡು ಅಂದಳು. ಬೋಲ್ಟ್ ಸ್ವಲ್ಪ ಸಡಿಲವಾಗಿರಬೇಕು, ಮರ ಇನ್ನೂ ಒಣಗುತ್ತಿದೆ. ಆಚಾರಿಯ ಹುಡುಗನೂ ಹೇಳಿದ್ದ, ತಿಂಗಳಿಗೊಮ್ಮೆ ಬಿಗಿ ಮಾಡಿ ಸಾರ್ ಅಂತ. ಸ್ಪ್ಯಾನರ್ ತರಲು ಎದ್ದೆ.